ಗಣಿತಸಾರಸಂಗ್ರಹ ಮತ್ತು ಶಾಲೆಗಳಲ್ಲಿ ಉಪಪತ್ತಿಯ ಬೋಧನೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವು ದಕ್ಷಿಣ ದೇಶದಲ್ಲಿ ಬಹುಕಾಲ ಪ್ರಚಾರದಲ್ಲಿದ್ದ ಗ್ರಂಥ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಕನ್ನಡ ಲಿಪಿಯ ತಾಳೆಯೋಲೆಗಳೂ ಕನ್ನಡ ಟೀಕೆಯೂ ಇದಕ್ಕೆ ಉಂಟು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ ಮದರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು.

ಗ್ರಂಥದ ಕ್ರಮವು ವಿದ್ವಾಂಸರಿಗೆ ಸುಪರಿಚಿತ: ಮೊದಲು ಕರಣಸೂತ್ರ, ಅನಂತರ ಉದ್ದೇಶಕ. ಉಪಪತ್ತಿಯನ್ನು ಮೂಲದಲ್ಲಿ ಹೇಳುವ ವಾಡಿಕೆಯಿಲ್ಲ. ಅದು ಗುರುಮುಖದಿಂದ ತಿಳಿಯಬೇಕಾದುದು. ಇಂದಿನ ಶಾಲೆಗಳಲ್ಲಿ ಸೂತ್ರವೂ ಉದಾಹರಣೆಯೂ ಉಳಿದಿವೆ; ಗುರುಮುಖದ ಭಾಗವೇ ಅನೇಕ ವೇಳೆ ಲೋಪವಾಗಿದೆ. ಬಾಲಕನು ಸೂತ್ರವನ್ನು ಕಂಠಪಾಠ ಮಾಡುತ್ತಾನೆ, ಅದು ಏಕೆ ಸತ್ಯವೆಂಬುದನ್ನು ಅರಿಯನು. ಈ ಕೊರತೆಯನ್ನು ತುಂಬಲು ಇದೇ ಗ್ರಂಥದ ಕೆಲವು ಸ್ಥಳಗಳು ಹೇಗೆ ಒದಗುತ್ತವೆ ಎಂಬುದು ಇಲ್ಲಿ ವಿಚಾರಣೀಯ.

ಮೊದಲನೆಯದು, ಋಣರಾಶಿಗೆ ವರ್ಗಮೂಲವಿಲ್ಲವೆಂಬ ಸಂಜ್ಞಾಧಿಕಾರದ ಮಾತು. ಆಚಾರ್ಯರು ಇಲ್ಲಿ ಕಾರಣವನ್ನೂ ಕೊಡುತ್ತಾರೆ: ಧನದ ವರ್ಗವೂ ಧನ, ಋಣದ ವರ್ಗವೂ ಧನ, ಋಣವು ಸ್ವಭಾವತಃ ವರ್ಗವೇ ಅಲ್ಲ. ಇರುವ ಪಕ್ಷಗಳನ್ನೆಲ್ಲ ಎಣಿಸಿ, ಒಂದೊಂದನ್ನೂ ಪರಿಹರಿಸಿ ನಿರ್ಣಯಕ್ಕೆ ಬರುವ ಈ ರೀತಿ ಎಂಟನೆಯ ತರಗತಿಯ ವಿದ್ಯಾರ್ಥಿಗೆ ಸುಲಭಗ್ರಾಹ್ಯ.

ಎರಡನೆಯದು ಸೂಕ್ಷ್ಮವಾದ ಪ್ರಸಂಗ. ಶೂನ್ಯದಿಂದ ಭಾಗಿಸಿದ ರಾಶಿಯು ಅವಿಕಾರಿಯೆಂದು, ಎಂದರೆ ಮೊದಲಿದ್ದಂತೆಯೇ ಉಳಿಯುವುದೆಂದು, ಅದೇ ಅಧಿಕಾರದಲ್ಲಿ ಹೇಳಿದೆ. ವಿದ್ಯಾರ್ಥಿಯು ಇದನ್ನು ಪರೀಕ್ಷಿಸಲಿ: 6ನ್ನು ಶೂನ್ಯದಿಂದ ಭಾಗಿಸಿ 6 ಬಂದರೆ, 6ನ್ನು ಶೂನ್ಯದಿಂದ ಗುಣಿಸಿದಾಗ 6 ಬರಬೇಕು. ಆದರೆ ಶೂನ್ಯಗುಣಿತವು ಶೂನ್ಯವೆಂದು ಆಚಾರ್ಯರೇ ಹೇಳಿದ್ದಾರೆ. ಆದುದರಿಂದ ಭಾಗಾಕಾರವು ಗುಣಾಕಾರದ ವಿಪರೀತಕ್ರಿಯೆ ಎಂಬ ಅರ್ಥದಲ್ಲಿ ಈ ವಚನ ನಿಲ್ಲದು. ಇದನ್ನು ಮುಚ್ಚಿಡುವುದರಿಂದ ಆಚಾರ್ಯರ ಗೌರವ ಹೆಚ್ಚುವುದಿಲ್ಲ, ತೋರಿಸುವುದರಿಂದ ಕುಂದುವುದೂ ಇಲ್ಲ. ವಚನವು ಯಾರದಾದರೂ ಯುಕ್ತಿಯಿಂದ ಪರೀಕ್ಷಿಸಲ್ಪಡಬೇಕೆಂಬ ಪಾಠವು ಗಣಿತದಲ್ಲಿ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ದೊರೆಯದು.

ಮೂರನೆಯದು ಕ್ಷೇತ್ರಗಣಿತದ ಚತುರ್ಭುಜಫಲ. ಎದುರುಬದಿರಿನ ಭುಜಗಳ ಮೊತ್ತಗಳ ಅರ್ಧಗಳನ್ನು ಗುಣಿಸಿದರೆ ಬರುವುದು ವ್ಯಾವಹಾರಿಕ ಫಲ. ಸೂಕ್ಷ್ಮಫಲಕ್ಕೆ ಆಚಾರ್ಯರು ಬೇರೆ ಸೂತ್ರ ಕೊಟ್ಟಿದ್ದಾರೆ. ಆಯತದಲ್ಲಿ ವ್ಯಾವಹಾರಿಕ ಫಲವು ನಿಖರ. ಭುಜಗಳು 5, ಕರ್ಣಗಳು 6 ಮತ್ತು 8 ಇರುವ ಸಮಚತುರ್ಭುಜದಲ್ಲಿ ಅದು 25; ನಿಜವಾದ ಫಲ 24. ಒಂದು ಪ್ರತ್ಯುದಾಹರಣೆಯೇ ಸಾಮಾನ್ಯ ನಿಯಮವನ್ನು ತಡೆಯಲು ಸಾಕೆಂದು ವಿದ್ಯಾರ್ಥಿ ಇಲ್ಲಿ ಅರಿಯುತ್ತಾನೆ. ಮುಂದಿನ ಪ್ರಶ್ನೆ ಪ್ರೌಢಶಾಲೆಗೆ ತಕ್ಕುದು: ವ್ಯಾವಹಾರಿಕ ಫಲವು ಎಂದಾದರೂ ನಿಜಕ್ಕಿಂತ ಕಡಿಮೆಯಾದೀತೇ?

ಒಳಬಾಗಿಲ್ಲದ ಚತುರ್ಭುಜದ ಭುಜಗಳು ಕ್ರಮವಾಗಿ ಕ, ಖ, ಗ, ಘ ಆಗಿರಲಿ. ಒಂದು ಕರ್ಣವನ್ನೆಳೆದರೆ ಎರಡು ತ್ರಿಭುಜಗಳಾಗುತ್ತವೆ. ಬಿಂದುವಿನಿಂದ ರೇಖೆಗೆ ಲಂಬವೇ ಅತಿ ಹ್ರಸ್ವ. ಆದ್ದರಿಂದ ಕ ಭುಜದ ಮೇಲಣ ಲಂಬವು ಖವನ್ನು ಮೀರದು, ಆ ತ್ರಿಭುಜದ ಫಲವು ಕಖದ ಅರ್ಧವನ್ನು ಮೀರದು. ಹಾಗೆಯೇ ಇನ್ನೊಂದು ಗಘದ ಅರ್ಧವನ್ನು ಮೀರದು. ಎರಡನೆಯ ಕರ್ಣದಿಂದ ಖಗ ಮತ್ತು ಘಕಗಳ ಅರ್ಧಗಳು ದೊರೆಯುತ್ತವೆ. ಎರಡು ಮಿತಿಗಳನ್ನೂ ಕೂಡಿಸಿ ಅರ್ಧಿಸಿದರೆ, ಕಖ, ಖಗ, ಗಘ, ಘಕಗಳ ಮೊತ್ತದ ನಾಲ್ಕನೆಯ ಒಂದು ಭಾಗ ಬರುತ್ತದೆ. ಅದು ವ್ಯಾವಹಾರಿಕ ಫಲವೇ. ಆದ್ದರಿಂದ ನಿಜಫಲವು ಅದನ್ನು ಎಂದಿಗೂ ಮೀರದು. ನಾಲ್ಕು ಕೋನಗಳೂ ಸಮಕೋನವಾದಾಗ ಮಾತ್ರ ಸಮವಾಗುವುದು.

ಇಂತಹ ಯುಕ್ತಿಕ್ರಮವು ಪರಂಪರೆಗೆ ಹೊರಗಿನದಲ್ಲ. ಮೂಡಬಿದಿರೆಯ ತಾಳೆಯೋಲೆಗಳಲ್ಲಿ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಲೋಕದ ಘನಫಲವನ್ನು ವಿಚಾರಿಸುವಾಗ, ಆಕೃತಿಯನ್ನು ಸೀಳಿ ಹರಡಿ, ಖಂಡಗಳನ್ನು ಮತ್ತೆ ಮತ್ತೆ ಖಂಡಿಸುತ್ತ ಫಲವನ್ನು ಸಾಧಿಸಿ ತೋರಿಸಿದ್ದಾರೆ.

ಹಸ್ತಪ್ರತಿಶೋಧನೆಗೂ ಇದರಿಂದ ಪ್ರಯೋಜನವುಂಟು. ಲಿಪಿಕಾರನು ಒಂದು ಸಂಖ್ಯಾಪದವನ್ನು ತಪ್ಪಿದರೆ ಛಂದಸ್ಸು ಕೆಡದೆಯೂ ಇರಬಹುದು, ಲೆಕ್ಕ ಮಾತ್ರ ಕೂಡದು. ಪಾಠಾಂತರಗಳಲ್ಲಿ ಯಾವುದು ಗ್ರಾಹ್ಯವೆಂದು ಅಲ್ಲಿ ನಿರ್ಣಯಿಸುವುದು ಉಪಪತ್ತಿಯೇ. ಸೂತ್ರವನ್ನು ಕಂಠದಲ್ಲಿ ಮಾತ್ರ ಇಟ್ಟುಕೊಂಡವನಿಗೆ ಈ ಕಾರ್ಯ ಅಸಾಧ್ಯ. ನಾಳೆ ಓಲೆಗಳನ್ನು ಬಿಚ್ಚಿ ಓದಬೇಕಾದವರು ಇಂದು ಶಾಲೆಯಲ್ಲಿರುವ ಮಕ್ಕಳೇ. ಅವರು 'ಏಕೆ' ಎಂದು ಕೇಳುವುದನ್ನು ಈಗಲೇ ಕಲಿಯಬೇಕು.