ಹಗೇವಿನ ರಾಗಿ, ಹರಕೆಯ ಮುಡಿಪು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ನಕ್ಷೆಯಲ್ಲಿ ನೋಡಿದವರಿಗೆ ಇದು ನೀರಿನ ಸೀಮೆ ಎಂದೇ ತೋರುತ್ತದೆ. ಒಂದರ ನಡುವೆ ಕಪಿಲೆ ಹರಿಯುತ್ತಾಳೆ. ಇನ್ನೊಂದರಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ತಲಕಾಡಿನ ಕಡೆಯ ಮಾಧವಮಂತ್ರಿ ನಾಲೆ, ಕಪಿಲೆಯ ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು ಹಿಂದಿನಿಂದಲೂ ಭತ್ತದ ಗದ್ದೆಗಳಿಗೆ ನೀರುಣಿಸಿವೆ. ಆದರೆ ನಾಲೆಯ ಏರಿ ಬಿಟ್ಟು ಒಂದೆರಡು ಮೈಲಿ ನಡೆದರೆ ನೆಲದ ಚಹರೆಯೇ ಬೇರೆ. ಅಲ್ಲಿ ರಾಗಿ, ಜೋಳ, ಹುರುಳಿ, ಎಳ್ಳು. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ಹಸಿರಿನ ಗೆರೆ ಇನ್ನಷ್ಟು ದೂರ ಸರಿಯಿತು, ನಿಜ. ಗೆರೆ ಮಾತ್ರ ಅಳಿಸಿಹೋಗಲಿಲ್ಲ.

ಈ ಗೆರೆಯಾಚೆಯ ಹಳ್ಳಿಗಳು ಕೆಟ್ಟ ವರ್ಷಗಳನ್ನು ಹೇಗೆ ದಾಟಿದವು? ಹಿಮ ಬೀಳುವ ದೇಶಗಳ ರೈತನಿಗೆ ಚಳಿಗಾಲವೇ ಪರೀಕ್ಷೆಯ ಕಾಲ. ಇಲ್ಲಿ ಮಾಗಿಯ ಚಳಿಗೆ ಒಂದು ಕಂಬಳಿ ಸಾಕು, ಅಲ್ಲದೆ ಅದು ಕಣದಲ್ಲಿ ರಾಗಿ ಬೀಳುವ ಸುಗ್ಗಿಯ ಕಾಲ. ಇಲ್ಲಿನ ಬಿಗಿ ದಿನಗಳು ಬರುವುದು ಆಷಾಢದಿಂದಾಚೆಗೆ. ಹೋದ ವರ್ಷದ ರಾಗಿ ಗುಡಾಣದಲ್ಲಿ ತಳ ಕಂಡಿರುತ್ತದೆ, ಹೊಸ ಪೈರು ಇನ್ನೂ ಹೊಲದಲ್ಲಿ ಗೇಣುದ್ದ ನಿಂತಿರುತ್ತದೆ. ಹೊಲದ ಬದುವಿನ ಅಣ್ಣೆ ಸೊಪ್ಪು, ಬೆರಕೆ ಸೊಪ್ಪಿನ ಸಾರು, ತೆಳುವಾಗುತ್ತಾ ಹೋಗುವ ಅಂಬಲಿ, ಇವು ಆ ತಿಂಗಳುಗಳ ಊಟ. ಮಳೆಯೂ ಕೈಕೊಟ್ಟರೆ ಆ ಮೂರು ತಿಂಗಳು ಹದಿನೈದು ತಿಂಗಳಾಗುತ್ತದೆ.

ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಹಗೇವು. ಗಟ್ಟಿಯಾದ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ ತೋಡಿ, ಒಳಗೆ ಹೊಟ್ಟೆಯನ್ನು ಅಗಲ ಮಾಡುತ್ತಾ ಹೋಗುತ್ತಿದ್ದರು. ಸುತ್ತ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ಆಯಿತು. ಭತ್ತ, ಜೋಳಗಳಿಗಿಂತ ರಾಗಿಗೆ ಹುಳು ಹಿಡಿಯುವುದು ಕಡಿಮೆ. ರಾಗಿಯ ಕಾಳು ಸಣ್ಣದು, ಸಿಪ್ಪೆ ಬಿಗಿ. ಗಾಳಿಯಾಡದ ಗುಂಡಿಯಲ್ಲಿ ಕಾಳು ಉಸಿರಾಡಿ ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ ಮೇಲೆ ಹುಳುವಿಗೆ ಬದುಕುವ ದಾರಿಯೇ ಇಲ್ಲ. ಹೀಗಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ನೆಲದ ಗುಂಡಿಗಳಲ್ಲಿ ರಾಗಿ ಇಡುವ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ.

ಹುಳುವನ್ನು ಕೊಲ್ಲುವ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲಬಲ್ಲದು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಹಸಿದ ಆತುರದಲ್ಲಿ ಇಳಿದು ಮೇಲೆ ಬಾರದವರ ಕಥೆಗಳು ಹಳೆಯ ಮೈಸೂರಿನ ಅನೇಕ ಊರುಗಳಲ್ಲಿವೆ.

ಹಗೇವಿಗೂ ಒಂದು ಮಿತಿ ಇತ್ತು. ಅದು ತೋರಿದ್ದು 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ. ಒಂದರ ಬೆನ್ನಿಗೆ ಒಂದು ಮಳೆ ತಪ್ಪಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ಗುಂಡಿ ಎಷ್ಟೇ ಆಳವಿದ್ದರೂ ಎರಡನೆಯ ವರ್ಷಕ್ಕೆ ಬರಿದಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಹೊಲವಿದ್ದವನಿಗೆ ಮಾತ್ರ ಹಗೇವು. ಕೂಲಿಯನ್ನು ಕಾಳಿನಲ್ಲಿ ಪಡೆದು ಅಂದಂದಿಗೆ ಬೀಸಿ ಉಣ್ಣುವ ಮನೆಯವರು ಗುಂಡಿಗೆ ಸುರಿಯುವುದು ಏನನ್ನು? ಹಗೇವಿನ ಗುಣಗಾನ ಮಾಡುವ ಬರಹಗಳು ಈ ಮಾತನ್ನು ಸಾಮಾನ್ಯವಾಗಿ ಮರೆಯುತ್ತವೆ. ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಓದಿದವರಿಗೆ ಗುಂಡಿಯೂ ಗುಡಾಣವೂ ಇಲ್ಲದ ಮನೆಯೊಳಗಿನ ಹಸಿವು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

ಆ ಬರದ ಕಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಮಣ್ಣು ಹೊತ್ತವರ ಶ್ರಮದಿಂದ ಬೆಂಗಳೂರು–ಮೈಸೂರು ರೈಲುದಾರಿ ಮೇಲೆದ್ದಿತು. 1882ರಲ್ಲಿ ಮೈಸೂರಿಗೆ ಬಂದ ರೈಲು 1891ರಲ್ಲಿ ನಂಜನಗೂಡು ಮುಟ್ಟಿತು. ಒಂದು ಕಡೆ ಬೆಳೆ ಹೋದರೆ ಇನ್ನೊಂದು ಕಡೆಯ ಕಾಳು ಬಂಡಿಯಲ್ಲಿ ಇಳಿಯತೊಡಗಿತು. ಮುಂದೆ ಪಡಿತರ ಅಂಗಡಿ ಬಂತು, 2013ರಲ್ಲಿ ಅನ್ನಭಾಗ್ಯ ಬಂತು. ಹೊಟ್ಟೆಗಿಲ್ಲದೆ ಊರಿಗೆ ಊರೇ ಸಾಯುವ ಕಾಲ ಹಿಂದಾಯಿತು. ಹಗೇವುಗಳು ಮುಚ್ಚಿಹೋದವು. ಅದಕ್ಕೆ ಹೆಚ್ಚು ಮರುಗಬೇಕಾಗಿಲ್ಲ.

ಹೊಟ್ಟೆಯ ಚಿಂತೆಯ ನಂತರದ್ದು ಕೆಲಸದ ಚಿಂತೆ. ಒಣಬೇಸಾಯದಲ್ಲಿ ಕೆಲಸ ಹೋಗಲು ಯಾರೂ ತೆಗೆದುಹಾಕಬೇಕಾಗಿಲ್ಲ, ಪಂಚಾಂಗವೇ ತೆಗೆದುಹಾಕುತ್ತದೆ. ಸಂಕ್ರಾಂತಿಗೆ ಕಣ ಮುಗಿದರೆ ಯುಗಾದಿಯ ಆರು ಕಟ್ಟುವವರೆಗೆ ಕೂಲಿಯವನಿಗೆ ಕರೆ ಇಲ್ಲ. ಕೆಲವರು ಕೊಡಗಿನ ತೋಟಗಳಿಗೆ ಕಾಫಿ ಕುಯ್ಯಲು ಹೋಗುತ್ತಾರೆ. ಊರಲ್ಲೇ ಉಳಿಯಬೇಕಾದ ಹೆಂಗಸರಿಗೆ, ವಯಸ್ಸಾದವರಿಗೆ ಏನು ದಾರಿ? ಈ ಪ್ರಶ್ನೆಗೆ ಮೈಸೂರು ಸಂಸ್ಥಾನ ಒಂದು ಉತ್ತರ ಕೊಡಲು ನೋಡಿದ್ದು ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ.

1927ರಲ್ಲಿ ಅಲ್ಲಿ ಖಾದಿ ಕೇಂದ್ರ ಆರಂಭವಾಯಿತು. ಗಾಂಧೀಜಿ ಸಂಸ್ಥಾನದಲ್ಲಿದ್ದ ವರ್ಷವದು. ಸುತ್ತಲ ಹಳ್ಳಿಗಳ ಹೆಂಗಸರು ಹಂಜಿ ಒಯ್ದು, ಮನೆಯಲ್ಲಿ ನೂತು, ನೂಲು ತಂದೊಪ್ಪಿಸಿ ಕೂಲಿ ಪಡೆಯುತ್ತಿದ್ದರು. ಆಣೆ ಲೆಕ್ಕದ ಕೂಲಿ. ಅದರಿಂದ ಯಾರೂ ಸಾಹುಕಾರರಾಗಲಿಲ್ಲ. ಆದರೆ ಬೇರೇನೂ ಬಾರದ ತಿಂಗಳಲ್ಲಿ ಬಂದ ಆಣೆಗೆ ಬೆಲೆ ಬೇರೆ. ಉಪ್ಪು, ಸೀಮೆಎಣ್ಣೆ, ಮಗುವಿಗೆ ಔಷಧ, ಇಷ್ಟಕ್ಕೆ ಸಾಹುಕಾರನ ಜಗಲಿ ಹತ್ತುವುದು ತಪ್ಪುತ್ತಿತ್ತು. ಚರಕವನ್ನು ಕೇವಲ ದೇಶಭಕ್ತಿಯ ಚಿಹ್ನೆಯಾಗಿ ನೋಡುವವರು ಇದನ್ನು ಗಮನಿಸಬೇಕು: ಈ ಸೀಮೆಯಲ್ಲಿ ಅದು ಮೊದಲಿಗೆ ಬೇಸಿಗೆಯ ಕೂಲಿ. ಇದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆ ಎರಡನ್ನೂ ಒಂದೇ ಕೆಲಸವೆಂದು ಮಾಡಿದವರು. 1934ರ ಜನವರಿಯಲ್ಲಿ ಹರಿಜನ ಪ್ರವಾಸದ ವೇಳೆ ಗಾಂಧೀಜಿ ತಗಡೂರು, ಬದನವಾಳುಗಳಿಗೆ ಬಂದಿದ್ದರು.

ಎರಡೂ ಒಂದೇ ಕೆಲಸವೆಂಬ ಮಾತು ಎಷ್ಟು ನಿಜವೆಂಬುದು ಬಹಳ ಕಾಲದ ಮೇಲೆ, ಬಹಳ ಕಹಿಯಾಗಿ ತಿಳಿಯಿತು. 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ ಬದನವಾಳಿನ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ರಸ್ತೆಯ ಓಡಾಟವೇ ನಿಂತಿತು. ರಂಗಕರ್ಮಿ ಪ್ರಸನ್ನ 2015ರ ಏಪ್ರಿಲ್‌ನಲ್ಲಿ ಸುಸ್ಥಿರ ಬದುಕಿನ ಸಮಾವೇಶಕ್ಕೆ ಈ ಊರನ್ನು ಆರಿಸಿಕೊಂಡಾಗ ಹಳೆಯ ಖಾದಿ ಕೇಂದ್ರ ಹಾಳುಬಿದ್ದಿತ್ತು. ಆ ರಸ್ತೆ ಮತ್ತೆ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ಹೊಲದ ಕೆಲಸದಲ್ಲಿ ಮುಯ್ಯಾಳು ಕೊಡುವುದು, ಕಾಯಿಲೆ ಬಿದ್ದವನ ಹೊಲವನ್ನು ನೆರೆಯವರು ಉತ್ತು ಕೊಡುವುದು, ಇವನ್ನೆಲ್ಲ ಹಳ್ಳಿಯ ಒಗ್ಗಟ್ಟೆಂದು ಹೊಗಳುವುದುಂಟು. ಒಗ್ಗಟ್ಟು ಇತ್ತು. ಬಹುಮಟ್ಟಿಗೆ ಅದು ಕೇರಿಯೊಳಗಿನ ಒಗ್ಗಟ್ಟು.

ಹಸಿವಿಗೆ ಹಗೇವು, ಬಿಡುವಿಗೆ ಚರಕ. ಕಾಯಿಲೆಗೆ ಏನಿತ್ತು? ಇಲ್ಲಿ ಹಳ್ಳಿಯ ಬತ್ತಳಿಕೆ ಬಹುತೇಕ ಖಾಲಿ.

ಒಂದು ಉಪಾಯ ಮಾತ್ರ ಚೆನ್ನಾಗಿ ಕೆಲಸ ಮಾಡಿತು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ, ಇಲಿ ಬಿದ್ದ ಸುದ್ದಿ ಬಂದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ರೂಢಿಯಾಯಿತು. ರೋಗವನ್ನು ಹರಡುವುದು ಸತ್ತ ಇಲಿಯಿಂದ ಜಿಗಿಯುವ ಚಿಗಟ. ಮನೆ ಬಿಟ್ಟವರು ಚಿಗಟವನ್ನೂ ಬಿಟ್ಟು ಹೋಗುತ್ತಿದ್ದರು. ಪ್ಲೇಗಿನ ಅಮ್ಮನಿಗೆ ಗುಡಿಗಳಾದದ್ದೂ ಆ ಕಾಲದಲ್ಲೇ.

ಉಳಿದ ಕಾಯಿಲೆಗಳಿಗೆ ನಾಟಿವೈದ್ಯ, ಆಮೇಲೆ ನಂಜುಂಡೇಶ್ವರ. ಟಿಪ್ಪು ಸುಲ್ತಾನ್ ತನ್ನ ಆನೆಯ ಕಣ್ಣು ವಾಸಿಯಾದುದಕ್ಕೆ ಪಚ್ಚೆಯ ಲಿಂಗ ಒಪ್ಪಿಸಿ ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಊರಿನ ಹೆಸರು ಹಲ್ಲುಪುಡಿಯ ಪೊಟ್ಟಣದ ಮೇಲೆ ಮನೆಮನೆಗೂ ಹೋಯಿತು. ದೇವರಿಗೆ ಮಾಡಿಕೊಳ್ಳುವ ಹರಕೆಯ ಲೆಕ್ಕಾಚಾರವನ್ನು ಸ್ವಲ್ಪ ನಿಂತು ನೋಡಬೇಕು. ಮನೆಯಲ್ಲೊಬ್ಬರು ಮಲಗಿದರೆ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪಿಡುತ್ತಾರೆ. ಉರುಳುಸೇವೆ, ಮುಡಿ, ತುಲಾಭಾರ, ಯಾವುದಾದರೂ ಸರಿ, ಗುಣವಾದ ಮೇಲೆ, ಬೆಳೆ ಕೈಗೆ ಬಂದ ಮೇಲೆ ತೀರಿಸಿದರೆ ಸಾಕು. ನಂಜುಂಡ ಬಡ್ಡಿ ಕೇಳುವುದಿಲ್ಲ.

ಸಾಹುಕಾರ ಕೇಳುತ್ತಾನೆ. ಬನ್ನೂರು ಕಡೆ ಮನೆಯಲ್ಲಿ ಎರಡು ಮೂರು ಗಿಡ್ಡಕಾಲಿನ ಬಂಡೂರು ಕುರಿ ಸಾಕಿದವರು ಒಂದನ್ನು ಸಂತೆಗೆ ಹೊಡೆದು ಆಸ್ಪತ್ರೆಯ ಖರ್ಚು ತೂಗಿಸಬಹುದಿತ್ತು. ಕುರಿಯೂ ಇಲ್ಲದವನು ಮಗನನ್ನೇ ಒತ್ತೆ ಇಡುತ್ತಿದ್ದ. ಅಪ್ಪನ ಔಷಧಿಗೋ ಅಕ್ಕನ ಮದುವೆಗೋ ಪಡೆದ ಸಾಲಕ್ಕಾಗಿ ಹುಡುಗ ಒಡೆಯನ ಮನೆಯಲ್ಲಿ ದನ ಕಾಯಲು ನಿಂತರೆ, ಬಡ್ಡಿಯಲ್ಲೇ ಅವನ ವಯಸ್ಸು ಕಳೆಯುತ್ತಿತ್ತು. ಇದಕ್ಕೆ ಜೀತವೆಂದು ಹೆಸರು. ಬರಗಾಲದಲ್ಲಿ ಊರಿಗೆಲ್ಲ ಒಟ್ಟಿಗೆ ಕಷ್ಟ. ಪರಿಹಾರ ಕೇಳಲು ಜೊತೆಗಾರರಿರುತ್ತಾರೆ. ಕಾಯಿಲೆ ಒಂದು ಮನೆಯನ್ನು ಒಂಟಿಯಾಗಿ ಹಿಡಿಯುತ್ತದೆ. ಅದಕ್ಕೇ ಅದು ಬರಕ್ಕಿಂತ ಹೆಚ್ಚು ಮನೆಗಳನ್ನು ಸದ್ದಿಲ್ಲದೆ ಮುರಿದಿದೆ. ಜೀತವನ್ನು ರದ್ದುಪಡಿಸಿದ ಕಾಯಿದೆ 1976ರದು.

ಈ ಖಾಲಿ ಜಾಗವನ್ನು ತುಂಬಲು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಒಳ್ಳೆಯ ಪ್ರಯತ್ನವಾಗಿತ್ತು. ಸಹಕಾರ ಸಂಘದ ಸದಸ್ಯರು ಮೊದಲಿಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ವೆಚ್ಚ ಸಿಗುತ್ತಿತ್ತು. ಹಗೇವಿನ ತತ್ತ್ವವೇ ಇದು: ಚೆನ್ನಾಗಿದ್ದಾಗ ಎಲ್ಲರೂ ಒಂದೊಂದು ಹಿಡಿ ಹಾಕುವುದು. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಜಾರಿಯಾಯಿತು. ಆದರೆ ಶಸ್ತ್ರಚಿಕಿತ್ಸೆಗೆ ದುಡ್ಡು ಸಿಕ್ಕರೂ ಮಲಗಿದಷ್ಟು ದಿನದ ಕೂಲಿ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗೆ ತಿಂಗಳಿಗೊಮ್ಮೆ ಹಣ ಹೊಂದಿಸಬೇಕು, ಆಸ್ಪತ್ರೆಯಲ್ಲಿ ಜೊತೆಗೆ ಕೂತವರ ದುಡಿಮೆಯೂ ಹೋಗುತ್ತದೆ. ಕಾರ್ಖಾನೆಯ ಕೆಲಸಗಾರನಿಗೆ ಇಎಸ್‌ಐ ವ್ಯವಸ್ಥೆ ಕಾಯಿಲೆಯ ದಿನಗಳಿಗೂ ಸಂಬಳದ ಒಂದು ಪಾಲನ್ನು ಕೊಡಿಸುತ್ತದೆ. ಒಂದೇ ಮನೆಯಲ್ಲಿ ತಾಂಡವಪುರದ ಕಾರ್ಖಾನೆಗೆ ಹೋಗುವ ಮಗಳಿಗೆ ಆ ಆಸರೆ ಉಂಟು, ಹೊಲಕ್ಕೆ ಹೋಗುವ ತಾಯಿಗೆ ಇಲ್ಲ.

2020ರ ಮಾರ್ಚ್‌ನಲ್ಲಿ ಕಾಯಿಲೆಯೂ ಕೆಲಸದ ನಷ್ಟವೂ ಒಂದೇ ದಿನ ಬಾಗಿಲಿಗೆ ಬಂದವು. ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಕಾಣಿಸಿಕೊಂಡ ಕೋವಿಡ್ ಸೋಂಕು ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿತು, ಕಾರ್ಖಾನೆ ಕೆಲವು ವಾರ ಮುಚ್ಚಿತು. ಪ್ಲೇಗಿನ ಕಾಲದಲ್ಲಿ ಜನ ಊರಿನಿಂದ ಹೊಲಕ್ಕೆ ಹೋದರೆ, ಈ ಸಲ ನಗರಗಳಿಂದ ಊರಿಗೆ ಬಂದರು. ಪಡಿತರದ ಅಕ್ಕಿ ಇದ್ದುದರಿಂದ ಒಲೆ ಉರಿಯಿತು. ಕಂತು ಕಟ್ಟಲು ಅಕ್ಕಿ ಆಗುವುದಿಲ್ಲ.

ಕಂತು ಎಂಬುದು ಈಗಿನ ಹಳ್ಳಿಯ ಹೊಸ ವಾರ. ಸೋಮವಾರ, ಮಂಗಳವಾರಗಳಂತೆ ಅದೂ ತಪ್ಪದೆ ಬರುತ್ತದೆ. ಕಿರು ಸಾಲದ ಸಂಸ್ಥೆಗಳು ಹೆಂಗಸರ ಗುಂಪುಗಳಿಗೆ ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಕಾಯಿಲೆಯ ರಾತ್ರಿ ಅಷ್ಟು ಬೇಗ ಹಣ ಕೊಡುವವರು ಇನ್ನಾರೂ ಇಲ್ಲ ಎಂಬುದೂ ಸತ್ಯವೇ. ಒಂದರ ಕಂತಿಗೆ ಇನ್ನೊಂದರ ಸಾಲ ಎಂದು ಶುರುವಾದ ಮೇಲೆ ಹಿಂತಿರುಗುವ ದಾರಿ ಸಿಗುವುದು ಕಷ್ಟ. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ವಸೂಲಿಗೆ ಬರುವವರಿಗೆ ಹೆದರಿ ಮನೆಗಳಿಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶ ಹೊರಡಿಸಿತು. ಬೆದರಿಸಿ ವಸೂಲಿ ಮಾಡಿದವರಿಗೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿಯವರೆಗೆ ದಂಡ. ವಸೂಲಿಯವನು ಬಾಗಿಲಿಗೆ ಬಂದಾಗ ಇಂಥ ಕಾನೂನು ನೆರವಿಗೆ ಬರುತ್ತದೆ. ಮೊದಲ ಸಾಲ ತೆಗೆದ ರಾತ್ರಿ ಮನೆಯಲ್ಲಿ ಮಲಗಿದ್ದವರ ಮಾತ್ರೆಗೂ ಕೂಲಿಗೂ ಅದರಲ್ಲಿ ಜಾಗವಿಲ್ಲ.