ರಾಕ್ ಆಲ್ಬಮ್‌ಗೂ ಬೇಕು ಮಿರಜಿನ ‘ಜವಾರಿ’

ಮಿರಜ: ಜವಾರಿ ಅಂದ್ರೆ ಗಡಿ ಭಾಗದ ಕನ್ನಡಿಗರಿಗೆ ಬದನೆಕಾಯಿ, ಮೆಣಸಿನಕಾಯಿ, ಆಕಳು ನೆನಪಾಗುತ್ತವೆ. ಮಿರಜಿನ ಸತಾರಮೇಕರ್ ಗಲ್ಲಿಯಲ್ಲಿ ಮಾತ್ರ ಆ ಮಾತಿಗೆ ಬೇರೆಯೇ ಅರ್ಥ. ಸಿತಾರ, ತಂಬೂರಿಗಳಲ್ಲಿ ತಂತಿ ಕೂರುವ ಪಟ್ಟಿಗೆ ಕನ್ನಡದಲ್ಲಿ ಕುದುರೆ, ಮರಾಠಿಯಲ್ಲಿ ಘೋಡಿ. ಅದರ ಮೇಲ್ಮೈಯನ್ನು ಅರದಿಂದ ತುಸು ತುಸು ಸವರಿ, ತಂತಿ ಝೇಂಕರಿಸುವಂತೆ ಮಾಡುವ ಕೆಲಸವೇ ಜವಾರಿ.

ಇಂಥ ಝೇಂಕಾರದ ಬೆನ್ನು ಹತ್ತಿ 1960ರ ದಶಕದಲ್ಲಿ ಬ್ರಿಟನ್, ಅಮೆರಿಕದ ಹುಡುಗರು ಹೊಸದೊಂದು ಸಂಗೀತವನ್ನೇ ಕಟ್ಟಿದರು. ಅದರ ಹೆಸರು ಸೈಕೆಡೆಲಿಕ್ ರಾಕ್. ಒಂದೇ ಶ್ರುತಿಯನ್ನು ಎಳೆದೆಳೆದು ಬಾರಿಸಿ ಕೇಳುಗನನ್ನು ಬೇರೆ ಲೋಕಕ್ಕೆ ಒಯ್ಯುವುದು ಅದರ ರೀತಿ.

1965ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಒಂದು ಹಾಡಿಗೆ ಸಿತಾರ ನುಡಿಸಿದರು. ಮರುವರ್ಷ ಪಂಡಿತ್ ರವಿಶಂಕರ್ ಅವರ ಶಿಷ್ಯರಾದರು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡವೂ ಸಿತಾರ ಹಿಡಿಯಿತು. 1967ರ ಮಾಂಟೆರೆ, 1969ರ ವುಡ್‌ಸ್ಟಾಕ್ ಉತ್ಸವಗಳಲ್ಲಿ ರವಿಶಂಕರ್ ನುಡಿಸಿದರೂ, ಮಾದಕ ವಸ್ತುವಿನ ಜೊತೆ ತಮ್ಮ ಸಂಗೀತವನ್ನು ಗಂಟು ಹಾಕಿದ್ದು ಅವರಿಗೆ ಹಿಡಿಸಲಿಲ್ಲ. ಅದನ್ನು ಬಾಯಿಬಿಟ್ಟೇ ಹೇಳಿದರು.

ಅವರ ಅಣ್ಣ, ನೃತ್ಯಗಾರ ಉದಯಶಂಕರ್ ಅವರ ಮಗ ಆನಂದ ಶಂಕರ್ ಮಾತ್ರ ಈ ದಾರಿಯಲ್ಲೇ ಮುಂದೆ ಹೋದರು. ಸಿತಾರ ಕಲಿತದ್ದು ಚಿಕ್ಕಪ್ಪನ ಬಳಿ ಅಲ್ಲ, ಬನಾರಸದ ಲಾಲಮಣಿ ಮಿಶ್ರ ಅವರಲ್ಲಿ. ಅಮೆರಿಕಕ್ಕೆ ಹೋದ ಆನಂದ ಅವರ ಮೊದಲ ಆಲ್ಬಮ್ 1970ರಲ್ಲಿ ಬಂತು. ಸಿತಾರ, ತಬಲಾ ಜೊತೆಗೆ ಆಗಿನ್ನೂ ಹೊಸದಾಗಿದ್ದ ಮೂಗ್ ಸಿಂಥಸೈಜರ್. ಆಗ ಅವರ ವಯಸ್ಸು 27. 1999ರಲ್ಲಿ ತೀರಿಕೊಂಡ ಅವರ ಆ ಆಲ್ಬಮನ್ನು ಇಂದಿಗೂ ಹುಡುಕಿ ಕೇಳುವವರಿದ್ದಾರೆ.

ಕಟ್ಟಿಗೆ ಕರ್ನಾಟಕದ್ದು

ಆ ಸಿತಾರಗಳು ಮಿರಜಿನವು ಅಂತ ಹೇಳಲಾಗದು. ಆದರೆ ಅದೇ ಕಸುಬು ಇಲ್ಲಿ ತಲೆಮಾರುಗಳಿಂದ ನಡೆದಿದೆ. ಪಟವರ್ಧನ ಸಂಸ್ಥಾನದ ಕಾಲದಲ್ಲಿ ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ವಾದ್ಯದ ಕೆಲಸಕ್ಕೆ ಇಳಿದರು. ಇಲ್ಲೇ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನ್ (ನಿಧನ 1937) ಅವರ ಸಮಾಧಿ ಮೀರಾಸಾಹೇಬ ದರ್ಗಾದಲ್ಲಿದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಸವಾಯಿಯವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಹಾಡು ಅತ್ತ ಬೆಳೆದರೆ, ತಂಬೂರಿ ಇತ್ತ ಬೆಳೆಯಿತು.

ತಂಬೂರಿಯ ಭೋಪಳಾ, ಅಂದರೆ ಒಣಗಿದ ಬುರುಡೆ, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯಿಂದ ಬರುತ್ತದೆ. ಕಟ್ಟಿಗೆ ಕರ್ನಾಟಕದ ಕಾಡಿನದು. ರಾಜ್ಯದ ಗಡಿ ನಕಾಶೆಯಲ್ಲಿದೆ, ವಾದ್ಯದಲ್ಲಿಲ್ಲ.

ಪೆಟ್ಟಿಗೆಯ ಪೈಪೋಟಿ

ಕಸುಬಿಗೆ ಪೆಟ್ಟು ಕೊಟ್ಟದ್ದು ಯಂತ್ರ. ಸಿತಾರದಂತೆ ಝೇಂಕರಿಸುವ ಎಲೆಕ್ಟ್ರಿಕ್ ವಾದ್ಯ ಅಮೆರಿಕದಲ್ಲಿ 1967ರಲ್ಲೇ ಬಂದಿತ್ತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಹೊತ್ತೊಯ್ಯಲು ಹಗುರ, ಶ್ರುತಿ ಮಾಡಲು ಸಲೀಸು. ಸಂಗೀತ ಕಲಿಯುವ ಮಕ್ಕಳ ಮನೆಗೆ ದೊಡ್ಡ ತಂಬೂರಿಯ ಬದಲು ಚಿಕ್ಕ ಪೆಟ್ಟಿಗೆ ಬಂತು. ಅದರಿಂದ ಬಡವರ ಮಕ್ಕಳಿಗೆ ಅನುಕೂಲವಾಯಿತು ಅನ್ನುವುದೂ ಸುಳ್ಳಲ್ಲ.

ಈಗ ಕಂಪನಿಯ ಹಂಗಿಲ್ಲದೆ ಮೊದಲ ಆಲ್ಬಮ್ ಮಾಡುವ ಹುಡುಗರಿಗೆ ದೊಡ್ಡ ಸ್ಟುಡಿಯೊ ಬೇಕಿಲ್ಲ. ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಮೈಕ್ ಇದ್ದರೆ ನಡೆಯುತ್ತದೆ. ಸಿತಾರದ ದನಿ ಕೂಡ ಕಂಪ್ಯೂಟರಿನಲ್ಲೇ ಸಿಗುತ್ತದೆ. ಆದರೆ ಅದು ಯಾರೋ, ಯಾವಾಗಲೋ ನುಡಿಸಿ ಇಟ್ಟ ದನಿ. ಕೊಂಡವರೆಲ್ಲರ ಆಲ್ಬಮಿನಲ್ಲೂ ಅದೇ ಕೇಳುತ್ತದೆ. ಕಾರಾಗೀರನ ಮುಂದೆ ಕೂತು ‘ಇನ್ನಷ್ಟು ಬಿಚ್ಚಿ’, ‘ಸ್ವಲ್ಪ ಮುಚ್ಚಿ’ ಅಂತ ಹೇಳಿ ಮಾಡಿಸಿಕೊಂಡ ಜವಾರಿ ಮಾತ್ರ ಆ ಒಬ್ಬರದೇ. ಮೊದಲ ಆಲ್ಬಮಿಗೆ ಬೇಕಾದದ್ದು ಅಂಥ ಸ್ವಂತ ದನಿಯೇ ಅಲ್ಲವೇ?

2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. 450ಕ್ಕೂ ಹೆಚ್ಚು ಕುಶಲಕರ್ಮಿಗಳು ಈ ಕೆಲಸದಲ್ಲಿದ್ದಾರೆ ಎಂದು ಆಗ ವರದಿಯಾಗಿತ್ತು. ಮಿರಜಿನ ಹೆಸರು ಹಾಕಿ ಬೇರೆಡೆಯ ಮಾಲು ಮಾರುವುದಕ್ಕೆ ಇದರಿಂದ ಕಡಿವಾಣ ಬಿದ್ದೀತು. ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆ, ಗಿರಾಕಿಯನ್ನು ಕರೆತರುವುದಿಲ್ಲ. ಗಿರಾಕಿ ಬಾರದಿದ್ದರೆ ಅಪ್ಪನ ಕೈಯ ಅರವನ್ನು ಮಗ ಯಾಕೆ ಹಿಡಿದಾನು?

ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರು ಗಿಟಾರ್ ಹಿಡಿದು ಹೊಸ ಸಂಗೀತ ಮಾಡುವುದಾದರೆ ಮಾಡಲಿ, ಬೇಡ ಅನ್ನುವವರು ಯಾರು? ರೆಕಾರ್ಡಿಂಗ್‌ಗೆ ಮೊದಲು ಒಮ್ಮೆ ರೈಲು ಹತ್ತಿ ಮಿರಜ ಜಂಕ್ಷನ್‌ನಲ್ಲಿ ಇಳಿಯಲಿ. ಹಾರ್ಡ್ ಡಿಸ್ಕಿನಲ್ಲಿ ಸಿಗದ ದನಿ ಇಲ್ಲಿಯ ಗಲ್ಲಿಯಲ್ಲಿ ಸಿಕ್ಕೀತು.