ದೊಡ್ಡ ದೋಣಿಯಲ್ಲಿ ಚಿಕ್ಕ ದೋಣಿಗೆಲ್ಲಿ ಜಾಗ?

ಕೊಚ್ಚಿಯ ಹೈಕೋರ್ಟ್ ಜಂಕ್ಷನ್ನಿನಿಂದ ಗೋಶ್ರೀ ಸೇತುವೆ ಹತ್ತಿ ಇಳಿದರೆ ಮೊದಲು ಸಿಗುವುದು ಬೋಳ್ಗಾಟಿ ದ್ವೀಪ. 1744ರಲ್ಲಿ ಡಚ್ಚರು ಕಟ್ಟಿಸಿದ ಅರಮನೆ ಈಗ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲು. ಅದರ ತೋಟ ದಾಟಿ ಹಿನ್ನೀರಿನ ಅಂಚಿಗೆ ಬಂದರೆ, ಯಾಟ್ ಎಂಬ ಹಾಯಿದೋಣಿಗಳು ತಂಗುವ ಕೊಚ್ಚಿ ಇಂಟರ್‌ನ್ಯಾಷನಲ್ ಮರೀನಾ. 2010ರಲ್ಲಿ ಶುರುವಾದ ಇದಕ್ಕೆ ದೇಶದ ಮೊದಲ ಪೂರ್ಣ ಪ್ರಮಾಣದ ಮರೀನಾ ಎಂಬ ಹೆಗ್ಗಳಿಕೆ ಇದೆ. ಮಲೇಷ್ಯಾ, ಥಾಯ್ಲೆಂಡ್, ಶ್ರೀಲಂಕಾ ಕಡೆಯಿಂದ ಹಾಯಿ ಬಿಚ್ಚಿಕೊಂಡು ಬಂದವರು ಇಲ್ಲಿ ದೋಣಿ ಕಟ್ಟಿಕೊಳ್ಳುತ್ತಾರೆ. ಕಸ್ಟಮ್ಸ್ ಕಾಗದ ಮುಗಿಸಿ, ಅಕ್ಕಿ-ತರಕಾರಿ ತುಂಬಿಸಿ, ಈಶಾನ್ಯ ಮಾರುತ ಇರುವಾಗಲೇ ಪಶ್ಚಿಮಕ್ಕೆ ಹೊರಡುತ್ತಾರೆ. ಇಲ್ಲಿಂದ ಒಮಾನಿನ ಸಲಾಲಾಕ್ಕೆ ಸುಮಾರು 1,350 ನಾಟಿಕಲ್ ಮೈಲಿ. ಗಾಳಿ ಚೆನ್ನಾಗಿದ್ದರೆ ಹತ್ತು ದಿನದ ಹಾದಿ.

ಬಂದ ಪ್ರವಾಸಿಗರೆಲ್ಲ ಕತ್ತೆತ್ತಿ ಹಾಯಿಕಂಬ ನೋಡಿ ಫೋಟೋ ತೆಗೆಯುತ್ತಾರೆ. ನಾನು ನೋಡಲು ಹೋಗಿದ್ದು ಡಿಂಗಿಯನ್ನು, ಅಂದರೆ ಯಾಟಿನಿಂದ ದಡಕ್ಕೆ ಓಡಾಡುವ ಪುಟ್ಟ ದೋಣಿಯನ್ನು. ಸಾಗರ ಸುತ್ತುವ ಯಾಟ್‌ಗಳ ಅಡಿ ನೀರೊಳಗೆ ಸುಮಾರು ಎರಡು ಮೀಟರ್ ಇಳಿದಿರುತ್ತದೆ. ಅಷ್ಟು ಆಳದ ನೀರಿರುವ ಇಂಥ ಜೆಟ್ಟಿ ಸಿಗುವುದು ಅಪರೂಪ. ಉಳಿದೆಡೆಯಲ್ಲೆಲ್ಲ ದೂರದಲ್ಲೇ ಲಂಗರು ಹಾಕಿ ನಿಲ್ಲಬೇಕು. ಆಮೇಲೆ ಕುಡಿಯುವ ನೀರು, ಡೀಸೆಲ್ ಕ್ಯಾನು, ಗ್ಯಾಸ್ ಸಿಲಿಂಡರು, ಬಟ್ಟೆಯ ಗಂಟು, ಕಾಯಿಲೆ ಬಿದ್ದವರು, ಎಲ್ಲದಕ್ಕೂ ಡಿಂಗಿಯೇ ಗತಿ. ಹತ್ತು ದಿನ ಸಮುದ್ರದಲ್ಲಿ ಮಾತ್ರ ಅದರಿಂದ ನಯಾಪೈಸೆ ಉಪಯೋಗವಿಲ್ಲ, ತೊಂದರೆಯೇ ಹೆಚ್ಚು. ಬಂದರಿನಲ್ಲಿ ದಿನವೂ ಬೇಕು, ಆದರೆ ಕಡಲಲ್ಲಿ ಇಡಲು ಜಾಗವಿಲ್ಲ. ಯಾಟ್ ಕಟ್ಟುವವರು ಹಾಸಿಗೆ, ಒಲೆ, ಕಕ್ಕಸು ಎಲ್ಲಕ್ಕೂ ಜಾಗ ಗುರುತಿಸುತ್ತಾರೆ; ಡಿಂಗಿಯ ವಿಷಯ ಬಂದಾಗ ಕೊಂಡವನ ತಲೆನೋವು ಎಂದು ಬಿಟ್ಟುಬಿಡುತ್ತಾರೆ.

ಜೆಟ್ಟಿಯ ತುದಿಯಲ್ಲಿ ನಿಂತಿದ್ದ ಕ್ಯಾಟಮರಾನಿಗೆ ಈ ತಲೆನೋವಿಲ್ಲ. ಎರಡು ಒಡಲುಗಳ ನಡುವೆ ಹಿಂದುಗಡೆ ಅಗಲವಾದ ಜಾಗ, ಅಲ್ಲಿ ಎರಡು ಗಟ್ಟಿ ತೋಳು. ಇವನ್ನು ಡೇವಿಟ್ ಅನ್ನುತ್ತಾರೆ. ಅಲ್ಯೂಮಿನಿಯಂ ತಳದ ಡಿಂಗಿ, 15 ಹಾರ್ಸ್‌ಪವರ್ ಮೋಟಾರನ್ನು ಬೆನ್ನಿಗೆ ಕಟ್ಟಿಕೊಂಡೇ ತೋಳುಗಳ ಕೆಳಗೆ ನೇತಾಡುತ್ತಿತ್ತು. ತಳದ ಬಿರಡೆ ತೆಗೆದಿಟ್ಟಿದ್ದರು. ಇಲ್ಲದಿದ್ದರೆ ಮಳೆ ಬಂದಾಗ ಒಳಗೆ ನಿಲ್ಲುವ ನೀರಿನ ತೂಕ ಒಂದೇ ರಾತ್ರಿಯಲ್ಲಿ ಡೇವಿಟ್ ಬಗ್ಗಿಸಿಬಿಡುತ್ತದೆ. ನೋಡಲು ಬಹಳ ಸಲೀಸು. ಅದನ್ನು ಕಂಡು ಒಂದೇ ಒಡಲಿನ ಸಣ್ಣ ಯಾಟಿನವರೂ ಡೇವಿಟ್ ಹಾಕಿಸಿಕೊಳ್ಳುತ್ತಾರೆ. ಬಂದರಿನಲ್ಲಿ ಅದು ಸುಖವೇ. ಆದರೆ ಹಿಂದಿನಿಂದ ಎದ್ದು ಬರುವ ಒಂದು ಅಲೆ ನೇತಾಡುವ ಡಿಂಗಿಯೊಳಗೆ ಸುರಿದರೆ ಕಿತ್ತುಹೋಗುವುದು ಡಿಂಗಿಯೋ ಡೇವಿಟ್ಟೋ, ನೋಡುವಷ್ಟು ಹೊತ್ತೂ ಇರುವುದಿಲ್ಲ.

ನನ್ನನ್ನು ಹತ್ತಿಸಿಕೊಂಡದ್ದು 38 ಅಡಿಯ ಒಂದು ಹಳೆಯ ಯಾಟು. ವಯಸ್ಸಾದ ಗಂಡ-ಹೆಂಡತಿ ಇಬ್ಬರೇ. ಎರಡು ದಿನದಲ್ಲಿ ಸಲಾಲಾಕ್ಕೆ ಹೊರಡುವವರು, ಆ ಬೆಳಗ್ಗೆ ಡಿಂಗಿ ಎತ್ತಿಡುವ ಕೆಲಸಕ್ಕೆ ಕೈಹಚ್ಚಿದ್ದರು. ಬರಿಗಾಲಲ್ಲಿ ಬನ್ನಿ ಎಂದರು, ಚಪ್ಪಲಿ ಜೆಟ್ಟಿಯ ಮೇಲೇ ಬಿಟ್ಟೆ.

ಮೊದಲ ಸರದಿ ಮೋಟಾರಿನದು. ಆರು ಹಾರ್ಸ್‌ಪವರಿನ ಫೋರ್ ಸ್ಟ್ರೋಕ್, ತೂಕ ಇಪ್ಪತ್ತೈದು ಕಿಲೋಗಿಂತ ತುಸು ಹೆಚ್ಚು. ನೆಲದ ಮೇಲೆ ನಿಂತವರಿಗೆ ಇದೇನು ಮಹಾ ಭಾರವಲ್ಲ; ಅಕ್ಕಿ ಮೂಟೆ ಎತ್ತುವವರು ನಕ್ಕಾರು. ಇಲ್ಲಿ ಎತ್ತುವವನು ನಿಂತಿರುವುದು ಅಲುಗಾಡುವ ರಬ್ಬರಿನ ಮೇಲೆ, ಹಿಡಿಯುವವಳು ಎದೆಯೆತ್ತರ ಮೇಲೆ, ನಡುವೆ ನೀರು. ಹೆಂಡತಿ ಮೋಟಾರಿನ ಕುತ್ತಿಗೆಗೆ ಅಗಲ ಪಟ್ಟಿಯ ಕೊಕ್ಕೆ ತೊಡಿಸಿ, ಬೇರೆಯದೇ ಒಂದು ಹಗ್ಗವನ್ನು ಕಂಬಿಗೆ ಬಿಗಿದರು. ಆ ಗಂಟನ್ನು ಎಳೆದು ನೋಡುವ ತನಕ ಗಂಡ, ಮೋಟಾರನ್ನು ಡಿಂಗಿಗೆ ಬಿಗಿದಿದ್ದ ಸ್ಕ್ರೂ ಮುಟ್ಟಲಿಲ್ಲ. "ಮೊದಲು ಹಗ್ಗ, ಆಮೇಲೆ ಸ್ಕ್ರೂ. ಸಮುದ್ರದ ತಳದಲ್ಲಿರುವ ಮೋಟಾರುಗಳೆಲ್ಲ ಇದನ್ನು ಉಲ್ಟಾ ಮಾಡಿದವರವು," ಅಂದರು ಗಂಡ. ಹಿಂಬದಿಯ ಕಂಬಿಯಿಂದ ಹೊರಚಾಚಿದ ಸಣ್ಣ ಕ್ರೇನು, ಅದರಲ್ಲಿ ನಾಲ್ಕು ಸುತ್ತಿನ ರಾಟೆ. ಆಕೆ ಒಂದೇ ಕೈಯಲ್ಲಿ ಹಗ್ಗ ಎಳೆದರು; ಮೋಟಾರು ನೀರು ತೊಟ್ಟಿಕ್ಕಿಸುತ್ತ ಮೇಲೆ ಬಂತು. ಕಂಬಿಗೆ ಕಟ್ಟಿದ ದಪ್ಪ ಮರದ ಹಲಗೆಗೆ ಅದನ್ನು ನೆಟ್ಟಗೆ ಸಿಕ್ಕಿಸಿ ಸ್ಕ್ರೂ ಬಿಗಿದು, ಸ್ಕ್ರೂಗಳಿಗೆ ಬೀಗ ಹಾಕಿದರು.

ನೆಟ್ಟಗೆ ನಿಲ್ಲಿಸುವುದಕ್ಕೆ ಕಾರಣವಿದೆ. ಒಳಗೆ ಉಳಿದ ಉಪ್ಪುನೀರು ಇಳಿದುಹೋಗುವ ಮೊದಲೇ ಮಲಗಿಸಿದರೆ ಅದು ಸಿಲಿಂಡರಿಗೆ ಹರಿಯಬಹುದು. ಫೋರ್ ಸ್ಟ್ರೋಕಿನದು ಇನ್ನೂ ಒಂದು ತಕರಾರು: ಮಲಗಿಸಲೇಬೇಕೆಂದರೆ ಕಂಪನಿ ಗುರುತು ಹಾಕಿಕೊಟ್ಟ ಮಗ್ಗುಲಿಗೇ ಮಲಗಿಸಬೇಕು. ಇಲ್ಲದಿದ್ದರೆ ಎಂಜಿನ್ ಆಯಿಲು ಸಲ್ಲದ ಕಡೆ ಸೇರಿ, ಮುಂದಿನ ಬಂದರಿನಲ್ಲಿ ಎಷ್ಟು ಹಗ್ಗ ಎಳೆದರೂ ಎಂಜಿನ್ ಎದ್ದೇಳುವುದಿಲ್ಲ. ಹಳೆಯ ಟು ಸ್ಟ್ರೋಕುಗಳಿಗೆ ಈ ಮಡಿ ಇರಲಿಲ್ಲ, ತೂಕವೂ ಕಡಿಮೆ. ಇಂದಿಗೂ ಅವನ್ನು ಹುಡುಕಿ ಕೊಳ್ಳುವವರಿದ್ದಾರೆ.

ಪೆಟ್ರೋಲಿನ ಮಾತು ಬಂದಾಗ ಇಬ್ಬರ ದನಿಯೂ ಗಂಭೀರವಾಯಿತು. ಯಾಟಿನ ಒಳಗಿನ ಎಂಜಿನ್ ಡೀಸೆಲಿನದು. ಪೆಟ್ರೋಲ್ ಬೇಕಿರುವುದು ಈ ಸಣ್ಣ ಮೋಟಾರಿಗೆ ಮಾತ್ರ. ಅದರ ಆವಿ ಗಾಳಿಗಿಂತ ಭಾರ. ಒಳಗಿಟ್ಟ ಕ್ಯಾನು ಸೋರಿದರೆ ಆವಿ ತಳಕ್ಕೆ ಇಳಿದು ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಹಾಗಾಗಿ ಕ್ಯಾನಿನ ಜಾಗ ಡೆಕ್ಕಿನ ಮೇಲೆ, ನೆರಳಿನಲ್ಲಿ, ಹೊರಕ್ಕೆ ಗಾಳಿಯಾಡುವ ಪೆಟ್ಟಿಗೆಯಲ್ಲಿ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವ ಹೀರುತ್ತದೆ, ಸಮುದ್ರದಲ್ಲಿ ತೇವಕ್ಕೇನು ಬರ! ವಾರಗಟ್ಟಲೆ ಹಾಗೇ ಬಿಟ್ಟರೆ ಕಾರ್ಬುರೇಟರಿನಲ್ಲಿ ಅಂಟು ಕೂರುತ್ತದೆ. ಗಂಡ ಸಣ್ಣ ಸ್ಕ್ರೂಡ್ರೈವರಿನಿಂದ ಕಾರ್ಬುರೇಟರಿನ ತಳದ ತಿರುಪು ಬಿಚ್ಚಿ, ಉಳಿದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದರು. ತಳದಲ್ಲಿ ನೀರಿನ ಹನಿಗಳಿದ್ದವು. ಮುಖ ಸೊಟ್ಟ ಮಾಡಿ, ಚೆಲ್ಲದೆ, ಬಾಟಲಿಗೆ ಮುಚ್ಚಳ ಹಾಕಿದರು.

ನಮ್ಮ ಗಂಗೊಳ್ಳಿ, ಮರವಂತೆ ಕಡೆಯ ನಾಡದೋಣಿಯವರು ಸೀಮೆಎಣ್ಣೆ ಔಟ್‌ಬೋರ್ಡನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ದಡಕ್ಕೆ ಸಾಗಿಸುವುದನ್ನು ಕಂಡವನಿಗೆ ಇದೆಲ್ಲ ಅತಿ ಅನ್ನಿಸಬಹುದು. ಅವರಿಗೆ ಸಂಜೆ ಮನೆಯಿದೆ, ಮೋಟಾರಿಗೊಂದು ಶೆಡ್ಡಿದೆ. ಇವರು ಮೋಟಾರಿನ ಪಕ್ಕದಲ್ಲೇ ಮಲಗಬೇಕು.

ಡಿಂಗಿಯದು ಮುಂದಿನ ಸರದಿ. ಹಾಯಿ ಏರಿಸುವ ಹಗ್ಗವನ್ನೇ ಅದರ ಮೂತಿಗೆ ಸಿಕ್ಕಿಸಿ ವಿಂಚ್ ತಿರುಗಿಸಿ ಮುಂಬದಿಯ ಡೆಕ್ಕಿಗೆ ಎತ್ತಿದರು. ಗಾಳಿ ತುಂಬಿದ್ದಂತೆಯೇ ಕವುಚಿ ಹಾಕಿ ಕಟ್ಟುವವರೂ ಉಂಟು. ಹಾಗೆ ಮಾಡಿದರೆ ಮುಂದಿನ ಹ್ಯಾಚು ತೆರೆಯಲಾಗದು, ಲಂಗರಿನ ಬಳಿ ಕಾಲಿಡಲಾಗದು. ದೊಡ್ಡ ಅಲೆ ಅಪ್ಪಳಿಸಿದರೆ ಅಷ್ಟಗಲ ಮೈಗೆ ಸಿಗುವ ಹೊಡೆತವೂ ದೊಡ್ಡದೇ. ಇವರು ಗಾಳಿ ಬಿಟ್ಟರು. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮಡಿಕೆಗಳಲ್ಲಿ ಬೆರಳಾಡಿಸಿ ಮರಳು ಹುಡುಕಿದರು. ಒಳಗೊಂದು ಮರಳಿನ ಕಣ ಉಳಿದರೂ ಹಡಗಿನ ಹೊಯ್ದಾಟಕ್ಕೆ ಉಜ್ಜಿ ಉಜ್ಜಿ ತೂತು ಮಾಡುತ್ತದಂತೆ. ಪಂಪನ್ನು ತಿರುಗುಮುರುಗಾಗಿ ಹಾಕಿ ಕೊನೆಯ ಗಾಳಿಯನ್ನೂ ಹೀರಿ ತೆಗೆದರು. ಆಮೇಲೆ ಇಬ್ಬರೂ ಮಂಡಿಯೂರಿ, ಮದುವೆ ಮನೆಯಲ್ಲಿ ಜಮಖಾನ ಸುತ್ತುವಂತೆ, ಎರಡು ಬದಿಯಿಂದ ಒತ್ತಿ ಸುತ್ತಿದರು. ಕಂಬದ ಬುಡದಲ್ಲಿ ಸುರುಳಿ ಕೂತಿತು, ಮೇಲೆ ಬಿಸಿಲಿಗೆ ಕ್ಯಾನ್ವಾಸ್ ಹೊದಿಕೆ. ಬಿಸಿಲೇ ಇದರ ಶತ್ರು. ಪಿವಿಸಿ ಡಿಂಗಿಗಳ ಅಂಟು ಉಷ್ಣವಲಯದಲ್ಲಿ ಕೆಲವೇ ವರ್ಷಕ್ಕೆ ಬಿಡುತ್ತದೆ. ಹೈಪಲಾನ್ ಜಾತಿಯ ರಬ್ಬರಿನವು ದುಬಾರಿ, ಆದರೆ ಬಾಳುತ್ತವೆ.

ಸುರುಳಿಗೆ ಬಿಗಿದದ್ದು ಬರೀ ಹಗ್ಗ, ಉಕ್ಕಿನ ಬಕಲ್ ಒಂದೂ ಇಲ್ಲ. ತುರ್ತಿಗೆ ಹಗ್ಗ ಕತ್ತರಿಸಲು ಪಕ್ಕದಲ್ಲೇ ಕಂಬಕ್ಕೆ ಒರೆಯ ಸಮೇತ ಒಂದು ಚಾಕು ಕಟ್ಟಿದ್ದರು. ಕೇಳಿದ್ದಕ್ಕೆ ರಾಬರ್ಟ್‌ಸನ್ ಕುಟುಂಬದ ಹೆಸರು ಹೇಳಿದರು. 1972ರ ಜೂನ್ 15ರಂದು ಗಲಪಾಗೋಸ್ ದ್ವೀಪಗಳ ಪಶ್ಚಿಮಕ್ಕೆ ಓರ್ಕಾ ತಿಮಿಂಗಿಲಗಳು ಗುದ್ದಿ ಡೂಗಲ್ ರಾಬರ್ಟ್‌ಸನ್ನರ ಯಾಟು 'ಲುಸೆಟ್' ನಿಮಿಷಗಳಲ್ಲಿ ಮುಳುಗಿತು. ಆರು ಜನ ಜೀವರಕ್ಷಕ ತೆಪ್ಪಕ್ಕೆ ಹಾರಿದರು. ಎರಡು ವಾರ ದಾಟಿದ ಮೇಲೆ ತೆಪ್ಪ ಕೈಕೊಟ್ಟಿತು. ಆಮೇಲೆ ಅವರನ್ನು ಉಳಿಸಿದ್ದು 'ಎಡ್ನಾಮೇರ್' ಎಂಬ ಪುಟ್ಟ ಫೈಬರ್ ಡಿಂಗಿ. 38ನೇ ದಿನ ಜಪಾನಿನ ಮೀನುಗಾರಿಕೆ ಹಡಗೊಂದು ಅವರನ್ನು ಎತ್ತಿಕೊಂಡಿತು. ಸುರುಳಿ ಸುತ್ತಿದ ರಬ್ಬರ್ ಡಿಂಗಿ ಅಂಥ ಗಳಿಗೆಗೆ ಬಾರದು ಎಂಬುದು ಇವರಿಗೂ ಗೊತ್ತು. ಅದಕ್ಕೇ ಬೇರೆಯಾಗಿ ಜೀವರಕ್ಷಕ ತೆಪ್ಪ ಇಟ್ಟುಕೊಂಡಿದ್ದಾರೆ. ಚಾಕು ಇದ್ದರೆ ನಷ್ಟವೇನು ಅಂದರು.

ಡಿಂಗಿಯನ್ನು ಹಿಂದೆ ಕಟ್ಟಿ ಎಳೆದುಕೊಂಡು ಹೋದರಾಗದೇ ಎಂದು ಕೇಳುವವರಿಗೆ: ಕೊಲ್ಲಿಯ ಒಳಗೆ, ಮೋಟಾರು ತೆಗೆದು, ನೀರಲ್ಲಿ ತೇಲುವ ಹಗ್ಗ ಕಟ್ಟಿ, ಒಂದೆರಡು ಗಂಟೆ ಆದೀತು. ಕಡಲಲ್ಲಿ ಬೇಡ. ಕಳ್ಳರ ಕಾಟವಿರುವ ಕಡೆ ರಾತ್ರಿ ನೀರಿನಲ್ಲೂ ಬಿಡಬಾರದು. ಡಿಂಗಿಯ ಮೇಲೆ ದೊಡ್ಡ ದೋಣಿಯ ಹೆಸರು ಬರೆಸುವುದೂ ಬುದ್ಧಿವಂತಿಕೆಯಲ್ಲ. ಜೆಟ್ಟಿಯಲ್ಲಿ ಅದು ಕಟ್ಟಿದ್ದರೆ ಯಾವ ಯಾಟಿನಲ್ಲಿ ಜನರಿಲ್ಲವೆಂದು ಕಳ್ಳನಿಗೆ ಹೇಳಿಕೊಟ್ಟಂತೆ.

ಬೋಳ್ಗಾಟಿಗೆ ಹೋಗುವುದಾದರೆ ಜನವರಿಯಿಂದ ಮಾರ್ಚಿನೊಳಗೆ ಹೋಗಿ. ಕರೆಯದೆ ಯಾವ ದೋಣಿಗೂ ಹತ್ತಬೇಡಿ. ಜೆಟ್ಟಿಯ ಮೇಲೆ ನಿಂತೇ ಹಿಂಬದಿ ನೋಡಿದರೆ ಸಾಕು. ಮೋಟಾರು ಹಲಗೆಯ ಮೇಲೆ ನೆಟ್ಟಗಿದ್ದು, ಡೇವಿಟ್ ಖಾಲಿಯಾಗಿ, ಡಿಂಗಿ ಡೆಕ್ಕಿನ ಮೇಲೆ ಸುರುಳಿಯಾಗಿದ್ದರೆ ಆ ದೋಣಿ ಒಂದೆರಡು ದಿನದಲ್ಲಿ ಹೊರಡುತ್ತದೆ.